ಚೆಕ್‌ರೋಲ್ ಬರೆಯುವ ಮೇಜಿನ ಮೇಲೆ ಮೂರು ಮಳೆಗಾಲ ಕಳೆದ ಟ್ರ್ಯಾಕ್‌ಪ್ಯಾಡ್

ಕೊಡಗಿನ ಸುಂಟಿಕೊಪ್ಪದ ಸಮೀಪದ ಕಾಫಿ ತೋಟವೊಂದರಲ್ಲಿ ರೈಟರ್ (ಹಾಜರಿ, ಲೆಕ್ಕ ಬರೆಯುವ ಗುಮಾಸ್ತ) ಆಗಿರುವ ನಾನು ಕಚೇರಿಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಯುಎಸ್‌ಬಿ ತಂತಿಯ ಟ್ರ್ಯಾಕ್‌ಪ್ಯಾಡ್ (ಬೆರಳಾಡಿಸಿ ತೆರೆಯ ಮೇಲಿನ ಬಾಣವನ್ನು ಓಡಿಸುವ ಫಲಕ) ಕೊಂಡದ್ದು ಶೋಕಿಗಾಗಿ ಅಲ್ಲ. ಕೊಯ್ಲಿನ ತಿಂಗಳುಗಳಲ್ಲಿ ಇಡೀ ದಿನ ಮೌಸ್ ಹಿಡಿದು ಬಲಗೈ ಹೆಬ್ಬೆರಳಿನ ಬುಡ ನೋಯತೊಡಗಿತ್ತು. ₹2,800ನ್ನು ತೋಟದ ಲೆಕ್ಕಕ್ಕೆ ಬರೆಯದೆ ನನ್ನ ಜೇಬಿನಿಂದಲೇ ಕೊಟ್ಟೆನಾದ್ದರಿಂದ, ಅದರ ಮೇಲೆ ಸಿಟ್ಟಾಗುವ ಹಕ್ಕೂ ಪೂರ್ತಿಯಾಗಿ ನನ್ನದೇ ಆಗಿತ್ತು.

ಮೊದಲ ನಾಲ್ಕು ತಿಂಗಳು ಆ ಹಕ್ಕನ್ನು ಚಲಾಯಿಸುವ ಸಂದರ್ಭವೇ ಬರಲಿಲ್ಲ. ಚೆಕ್‌ರೋಲ್ ಎಂದರೆ ಬಲಕ್ಕೆ ಉದ್ದುದ್ದವಾಗಿ ಹೋಗುವ ಹಾಳೆ. ಎಡಗಡೆ ಆಳುಗಳ ಹೆಸರು, ಆಮೇಲೆ ತಿಂಗಳ 31 ದಿನಗಳಿಗೆ 31 ಕಲಮು, ಕೊಯ್ಲಿನ ಕಾಲದಲ್ಲಿ ಪ್ರತಿ ಕಲಮಿನಲ್ಲೂ ಹಾಜರಿಯ ಜೊತೆಗೆ ಹಣ್ಣಿನ ಕಿಲೋ. ಮೌಸ್ ಇದ್ದಾಗ ತೆರೆಯ ಕೆಳಗಿನ ಪಟ್ಟಿಯನ್ನು ಹಿಡಿದೆಳೆದು 20ನೇ ತಾರೀಖನ್ನು ಹುಡುಕಬೇಕಿತ್ತು. ಈಗ ಹೆಸರಿನ ಕಲಮನ್ನು ಕದಲದಂತೆ ನಿಲ್ಲಿಸಿ ಎರಡು ಬೆರಳನ್ನು ಪಕ್ಕಕ್ಕೆ ಸರಿಸಿದರೆ ಸಾಕು, ದಿನಗಳು ಒಂದೊಂದಾಗಿ ಹೆಸರುಗಳ ಮುಂದೆ ಬಂದು ನಿಲ್ಲುತ್ತವೆ. ಶನಿವಾರ ಸಂಬಳದ ಲೆಕ್ಕ ಮಾಡುವಾಗ ಈ ಸುಖ ಎಷ್ಟೆಂಬುದು ಚೆಕ್‌ರೋಲ್ ಬರೆದವರಿಗಷ್ಟೇ ಗೊತ್ತು.

ಜೂನ್ ಬಂತು, ಉಪದ್ರವ ಶುರುವಾಯಿತು. ಬೆಳಿಗ್ಗೆ ಎಂಟಕ್ಕೆ ಮಳೆಮಾಪಕದ ನೀರನ್ನು ಅಳೆದು, ಇಂಚು ಮತ್ತು ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಕಂಪ್ಯೂಟರಿಗೆ ತುಂಬಿಸುವುದು ನನ್ನ ದಿನದ ಮೊದಲ ಕೆಲಸ. ನಾನು ಬೆರಳಿಟ್ಟ ಕಡೆ ಬಾಣ ನಿಲ್ಲುತ್ತಿರಲಿಲ್ಲ. ನಡುಗುತ್ತಿತ್ತು, ಜಿಗಿಯುತ್ತಿತ್ತು, ಕೆಲವೊಮ್ಮೆ ನಾನು ಮುಟ್ಟದ ಚೌಕವನ್ನು ತಾನೇ ಆರಿಸಿಕೊಳ್ಳುತ್ತಿತ್ತು. ಒಂದು ದಿನ ಮಳೆಯ ಅಂಕಿ ಆಳೊಬ್ಬನ ಹಾಜರಿಯ ಮೇಲೆ ಹೋಗಿ ಕುಳಿತಾಗ, ಇದನ್ನು ಅಂಗಡಿಗೆ ಹಿಂದಿರುಗಿಸಬೇಕೆಂದು ಪೆಟ್ಟಿಗೆಯನ್ನೂ ಹುಡುಕಿದೆ.

ಸೆಟ್ಟಿಂಗ್ಸ್‌ನಲ್ಲಿ ಮುಟ್ಟದ ಜಾಗ ಉಳಿದಿರಲಿಲ್ಲ. ವಿಂಡೋಸ್‌ನ ಟಚ್‌ಪ್ಯಾಡ್ ಪುಟದಲ್ಲಿ ಬಾಣದ ವೇಗವನ್ನು ಇಳಿಸಿದೆ. ಬೇರೆ ದಿನಗಳಲ್ಲಿ ಅದು ಹಿತವೆನಿಸಿತೇ ಹೊರತು ನಡುಕ ಹೋಗಲಿಲ್ಲ. ಸಂವೇದನೆಯ ನಾಲ್ಕು ಹಂತಗಳಲ್ಲಿ ಅತ್ಯಂತ ಕಡಿಮೆಯದನ್ನು ಆರಿಸಿದ ಮೇಲೆ ಅಂಗೈ ತಾಗಿದಾಗಿನ ತೊಂದರೆ ತಗ್ಗಿತು. ಬೆರಳು ತಟ್ಟಿದರೆ ಕ್ಲಿಕ್ ಆಗುವ ಆಯ್ಕೆಯನ್ನು ತೆಗೆದು ಒತ್ತಿದರೆ ಮಾತ್ರ ಆಗುವಂತೆ ಮಾಡಿದ್ದು ನಿಜವಾದ ಲಾಭ ತಂದಿತು, ಏಕೆಂದರೆ ಆ ಮೇಲೆ ಬಾಣ ಜಿಗಿದರೂ ಅಂಕಿ ಕೆಡುತ್ತಿರಲಿಲ್ಲ. (ಕೊಳ್ಳುವವರು ಇದು ಪ್ರಿಸಿಷನ್ ಟಚ್‌ಪ್ಯಾಡ್ ಜಾತಿಯದೇ ಎಂದು ಮೊದಲೇ ಕೇಳಿಕೊಳ್ಳಬೇಕು, ಅಲ್ಲದಿದ್ದರೆ ವಿಂಡೋಸ್‌ನಲ್ಲಿ ಈ ಆಯ್ಕೆಗಳೇ ಕಾಣುವುದಿಲ್ಲ.)

ತೇವವೂ ಒಂದು ಕಾರಣವೆಂಬುದು ನಿಧಾನಕ್ಕೆ ತಿಳಿಯಿತು. ಪ್ಯಾಡಿನ ಅಡಿಯ ತಂತುಜಾಲವು ಬೆರಳಿನಿಂದಾಗುವ ಸಣ್ಣ ವಿದ್ಯುತ್ ವ್ಯತ್ಯಾಸವನ್ನು ಗುರುತಿಸುತ್ತದೆ. ಮೇಲೆ ನೀರಿನ ಪೊರೆಯಿದ್ದರೆ ಅದನ್ನೂ ಬೆರಳೆಂದೇ ಭಾವಿಸುತ್ತದೆ. ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳು) ಡಬ್ಬಿಯ ಉಪ್ಪೇ ನೀರಾಗುವ ನಮ್ಮಲ್ಲಿ ಇದು ಆಶ್ಚರ್ಯವಲ್ಲ. ಅಂದಿನಿಂದ ಒಲೆಯ ಮೇಲೆ ಒಣಗಿಸಿದ ಹಳೆಯ ಪಂಚೆಯ ತುಂಡಿನಿಂದ ಮೊದಲು ಬೆರಳು, ಆಮೇಲೆ ಪ್ಯಾಡು ಒರೆಸಿಯೇ ಕೂರುತ್ತೇನೆ, ಸಂಜೆ ಅದನ್ನು ಬಿಸ್ಕತ್ತಿನ ತಗಡಿನ ಡಬ್ಬಿಯೊಳಗಿಟ್ಟು ಮುಚ್ಚುತ್ತೇನೆ. ಇಷ್ಟಾದರೂ ಕರೆಂಟು ಹೋದ ದಿನಗಳಲ್ಲಿ ನಡುಕ ಹಾಗೆಯೇ ಇತ್ತು.

ಇನ್ವರ್ಟರ್ ನೋಡಲು ಬಂದ ಎಲೆಕ್ಟ್ರಿಷಿಯನ್ ಕಂಪ್ಯೂಟರಿನ ಕಬ್ಬಿಣದ ಮೈಗೆ ಟೆಸ್ಟರ್ ತಾಗಿಸಿ, ಅದು ಮಿನುಗಿದ್ದನ್ನು ಕಂಡು, "ಇದಕ್ಕೆ ಅರ್ಥೇ ಇಲ್ಲವಲ್ಲ ರೈಟ್ರೇ" ಎಂದ. ಅರ್ಥವಿಲ್ಲದ್ದು ನನ್ನ ಯಾವ ಮಾತಿಗೆ ಎಂದು ನಾನು ಒಂದು ಕ್ಷಣ ಯೋಚಿಸಿದೆ. ಗೋಡೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಸರಿಯಾಗಿತ್ತು. ಕರೆಂಟು ಹೋದಾಗ ಇನ್ವರ್ಟರಿಗೆ ಸಿಕ್ಕಿಸುತ್ತಿದ್ದ ಎಕ್ಸ್‌ಟೆನ್ಷನ್ ಬೋರ್ಡಿನ ಪ್ಲಗ್ಗಿಗೆ ಮಾತ್ರ ಎರಡೇ ಕಡ್ಡಿ. ಹಾಗಿದ್ದಾಗ ಕಂಪ್ಯೂಟರಿನೊಳಗಿನ ವಿದ್ಯುತ್ ಸರಬರಾಜು ಘಟಕದ ಫಿಲ್ಟರ್ ಕೆಪಾಸಿಟರ್‌ಗಳಿಂದ (ಕರೆಂಟಿನ ಗದ್ದಲ ಸೋಸುವ ಬಿಡಿಭಾಗಗಳು) ಸೋರುವ ಅಲ್ಪ ಕರೆಂಟಿಗೆ ನೆಲಕ್ಕಿಳಿಯುವ ದಾರಿ ಇರುವುದಿಲ್ಲ. ಯಂತ್ರದ ಮೈ 230 ವೋಲ್ಟಿನ ಸುಮಾರು ಅರ್ಧದಷ್ಟು ಏರಿ ಕುಳಿತು, ಆ ಗದ್ದಲದಲ್ಲಿ ಪ್ಯಾಡಿಗೆ ಬೆರಳು ಎಲ್ಲಿದೆಯೆಂಬುದೇ ತಿಳಿಯದಾಗುತ್ತದೆ. ಕಬ್ಬಿಣ ಮುಟ್ಟಿದಾಗ ಜುಂ ಎನ್ನುತ್ತಿದ್ದುದನ್ನು ಎಷ್ಟೋ ದಿನ ಮಳೆಯ ತಂಪಿಗೆಂದು ತಳ್ಳಿಹಾಕಿದ್ದೆ. ಮೂರು ಕಡ್ಡಿಯ ಪ್ಲಗ್ಗು, ಹಸಿರು ತಂತಿ, ಅವನ ಕೂಲಿ ಸೇರಿ ₹450 ಆಯಿತು, ಅದನ್ನು ತೋಟದ ಲೆಕ್ಕಕ್ಕೇ ಬರೆದೆ. ಅಂದಿನಿಂದ ಬಾಣ ನಡುಗಿಲ್ಲ.

ಪ್ಯಾಡಿನ ಮೇಲೆ ನಿಜವಾಗಿ ಉಳಿದಿರುವ ದೂರು ಚಿಕ್ಕದು. ಬಲ ಕೆಳಮೂಲೆಯ ಒತ್ತು ಮೂರನೆಯ ಮಳೆಗಾಲಕ್ಕೆ ಮೊಂಡಾಗಿದೆ. ಬಲಕ್ಲಿಕ್ಕಿಗೆ ಈಗ ಎರಡು ಬೆರಳು ಒಟ್ಟಿಗೆ ಒತ್ತುತ್ತೇನೆ. ಹೆಬ್ಬೆರಳಿನ ನೋವು ಕಡಿಮೆಯಾಗಿದೆ, ಹಾಗಾಗಿ ಈ ಬೆಲೆಗೆ ಮತ್ತೆ ಕೊಳ್ಳಲು ನನಗೆ ಅಡ್ಡಿಯಿಲ್ಲ.

ಆದರೆ ಭಾನುವಾರ ಲೆಕ್ಕ ನೋಡಲು ಬರುವ ಸಾಹುಕಾರರಿಗೆ ಮೊಬೈಲಿನ ಅಭ್ಯಾಸ. ಬೆರಳು ಹೋದತ್ತ ಹಾಳೆಯೂ ಹೋಗಬೇಕು. ನನಗೆ ಮೌಸ್‌ನ ಚಕ್ರದ ಅಭ್ಯಾಸ. ಬೆರಳು ಕೆಳಗಿಳಿದರೆ ಹಾಳೆ ಮೇಲೇರಬೇಕು. ಅವರು ಬಂದೊಡನೆ ಸ್ಕ್ರೋಲಿನ ದಿಕ್ಕನ್ನು ಬದಲಿಸುತ್ತಾರೆ, ಹೋಗುವಾಗ ಹಾಗೆಯೇ ಬಿಟ್ಟು ಹೋಗುತ್ತಾರೆ. ಸೋಮವಾರ ಮಾತ್ರ ಮಳೆಯ ಅಂಕಿ ತುಂಬಿಸುವ ಮೊದಲೇ ನನಗೆ ಇನ್ನೊಂದು ಕೆಲಸವಿರುತ್ತದೆ.