ಫ್ರೆಸ್ಕೊ ಪ್ರಿಂಟ್: ಕ್ಯಾನ್ವಾಸೋ, ಕಾಗದವೋ, ವಾಲ್‌ಪೇಪರೋ?

ಹಸಿ ಸುಣ್ಣದ ಗಾರೆ ಒಣಗುವ ಮುನ್ನವೇ ಅದರ ಮೇಲೆ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಿದರೆ ಅದು ಫ್ರೆಸ್ಕೊ. ಗಾರೆ ಗಟ್ಟಿಯಾಗುವಾಗ ಬಣ್ಣವೂ ಅದರೊಳಗೆ ಸೇರಿಹೋಗುತ್ತದೆ. ಅಲ್ಲಿ ಎಣ್ಣೆಯ ಹೊಳಪಿಲ್ಲ, ಬಟ್ಟೆಯ ನೇಯ್ಗೆಯಿಲ್ಲ. ಮನೆಗೆ ಪ್ರಿಂಟ್ ತೆಗೆಸುವವರು ಮೊದಲು ನೋಡಬೇಕಾದ್ದು ಇದನ್ನೇ. ಈ ಹೋಲಿಕೆಗೆ ಆರಿಸಿಕೊಂಡ ಚಿತ್ರ ಇಟಲಿಯ ಫ್ಲಾರೆನ್ಸಿನ ಸ್ಯಾನ್ ಮಾರ್ಕೊ ಮಠದಲ್ಲಿ ಮೆಟ್ಟಿಲು ಹತ್ತಿದ ಕೂಡಲೇ ಎದುರಾಗುವ, ಸನ್ಯಾಸಿ-ಚಿತ್ರಕಾರ ಫ್ರಾ ಏಂಜೆಲಿಕೊ ಬರೆದ ಮಂಗಳವಾರ್ತೆಯ ದೃಶ್ಯ, ಅಂದರೆ ಯೇಸು ಹುಟ್ಟುವನೆಂದು ದೇವದೂತ ಮರಿಯಳಿಗೆ ತಿಳಿಸುವ ಸನ್ನಿವೇಶ. ಒಂದೇ ಫೈಲ್, ಬೇರೆ ಬೇರೆ ಮಾಧ್ಯಮ.

ಅಂಗಡಿಯವರು ಮೊದಲು ತೋರಿಸುವುದು ಕ್ಯಾನ್ವಾಸ್. ಫ್ರೆಸ್ಕೊಗೆ ಅದು ಹೊಂದುವುದೇ ಇಲ್ಲ. ಮರಿಯಳ ಕೆನ್ನೆಯನ್ನು ಒಂದಡಿ ದೂರದಿಂದ ನೋಡಿದರೆ ಮೊದಲು ಕಾಣುವುದು ನೇಯ್ಗೆಯ ಚೌಕುಳಿ. ಗಾರೆಯ ಸಣ್ಣ ಬಿರುಕುಗಳು ಹಳೆಯ ತೈಲಚಿತ್ರದ ಬಿರುಕಿನಂತೆ ಕಾಣುತ್ತವೆ. ಮೇಲೆ ಬಳಿಯುವ ವಾರ್ನಿಶ್ ಹೊಳಪಿನದು (ಗ್ಲಾಸಿ) ಅಥವಾ ಅರೆಹೊಳಪಿನದು (ಸ್ಯಾಟಿನ್) ಆಗಿದ್ದರೆ ದೀಪ ಹಾಕಿದ ಕೂಡಲೇ ಚಿತ್ರದ ಅರ್ಧ ಭಾಗ ಬೆಳ್ಳಗಾಗುತ್ತದೆ. ಚೌಕಟ್ಟಿಗೆ ಸುತ್ತಿ ಬಡಿಯಲು ಸುತ್ತಲೂ ನಾಲ್ಕೈದು ಸೆಂ.ಮೀ. ಬೇಕು. ಆ ಅಂಚನ್ನು ಪ್ರತ್ಯೇಕವಾಗಿ ಬಿಡಿ ಎಂದು ಹೇಳದಿದ್ದರೆ ಚಿತ್ರದ್ದೇ ಭಾಗ ಹಿಂದಕ್ಕೆ ಹೋಗುತ್ತದೆ.

ಹತ್ತಿಯ ಮ್ಯಾಟ್ (ಹೊಳಪಿಲ್ಲದ) ಕಾಗದ, ಸುಮಾರು 310 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ), ಬಣ್ಣದ ಪುಡಿಯಿಂದ ಮಾಡಿದ ಪಿಗ್ಮೆಂಟ್ ಇಂಕ್: ಮೇಜಿನ ಎದುರಿಗೆ, ಮಂಚದ ತಲೆಬದಿಗೆ ಇದೇ ಸರಿ. ಮ್ಯಾಟ್ ಕಾಗದದಲ್ಲಿ ಕಪ್ಪು ಗಾಢವಾಗಿ ಬರುವುದಿಲ್ಲ ಎಂದು ಫೋಟೊ ತೆಗೆಯುವವರು ದೂರುತ್ತಾರೆ. ಫ್ರಾ ಏಂಜೆಲಿಕೊನ ತೆಳು ಗುಲಾಬಿ, ತಿಳಿ ಹಸಿರಿಗೆ ಆ ಕೊರತೆಯೇ ಒಳ್ಳೆಯದು. ಬಿಳುಪು ಹೆಚ್ಚಿಸುವ ಬ್ರೈಟನರ್ ಇಲ್ಲದ ಕಾಗದವನ್ನೇ ಕೇಳಿ. ಅದು ಇದ್ದರೆ ಹಗಲ ಬೆಳಕಿನಲ್ಲಿ ಸುಣ್ಣದ ಬಿಳಿಗೆ ನೀಲಿ ಛಾಯೆ ಬರುತ್ತದೆ, ವರ್ಷಗಳು ಕಳೆದಂತೆ ಕಾಗದ ಹಳದಿಗೆ ತಿರುಗುತ್ತದೆ. ಫ್ರೇಮಿಗೆ ಪ್ರತಿಫಲನ ತಡೆಯುವ ಗಾಜು ಹಾಕಿಸಿ, ಗಾಜಿಗೂ ಕಾಗದಕ್ಕೂ ನಡುವೆ ಮೌಂಟ್, ಅಂದರೆ ಅಂತರ ಕೊಡುವ ರಟ್ಟಿನ ಅಂಚು, ಇರಲಿ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಕಾಗದ ಗಾಜಿಗೆ ತಾಗಿದ್ದರೆ ಇಂಕ್ ಸಮೇತ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಚಿತ್ರ ಹರಿಯುತ್ತದೆ.

ಆದರೆ ಕಾಗದಕ್ಕೆ ಗೋಡೆಯಾಗಲು ಬರುವುದಿಲ್ಲ. ಮೂಲ ಚಿತ್ರದ ಎತ್ತರ ಸುಮಾರು 230 ಸೆಂ.ಮೀ. ಆ ಅಳತೆಗೆ ಹತ್ತಿರ ಹೋಗಬೇಕಾದರೆ ನಾನ್‌ವೋವನ್ (ನೇಯದೆ ನಾರುಗಳನ್ನು ಒತ್ತಿ ಮಾಡಿದ) ವಾಲ್‌ಪೇಪರ್ ಬೇಕು. ಪೂರ್ತಿ ಗೋಡೆಗೆ ನಮ್ಮ ಆಯ್ಕೆ ಇದೇ. ಕೆಲಸ ಮಾತ್ರ ನಾಜೂಕಿನದು. ಅಂಟನ್ನು ಹಾಳೆಗಲ್ಲ, ಗೋಡೆಗೆ ಬಳಿಯಬೇಕು. ಪುಟ್ಟಿಯ ಮೇಲೆ ಪ್ರೈಮರ್ ಹೊಡೆಯದಿದ್ದರೆ ಅಂಟು ಒಣಗುವಾಗ ಪುಟ್ಟಿಯ ಪುಡಿಯನ್ನೇ ಎಳೆದುಕೊಂಡು ಜೋಡಣೆಯ ಅಂಚು ಏಳುತ್ತದೆ. ಮೊದಲ ಹಾಳೆಯನ್ನು ತೂಕದ ದಾರ ಹಿಡಿದು ನೇರ ಗೆರೆಗೆ ಕೂರಿಸಿ, ಮೂಲೆಯನ್ನು ನಂಬಬೇಡಿ. ನಮ್ಮ ಮನೆಗಳ ಮೂಲೆಗಳು ನೇರವಾಗಿರುವುದು ಅಪರೂಪ. ಜೋಡಣೆಯ ಗೆರೆ ಮುಖಗಳ ಮೇಲೆ ಬೀಳದಂತೆ ಪ್ರಿಂಟಿಗೆ ಕೊಡುವ ಮುಂಚೆಯೇ ಹಾಳೆಗಳನ್ನು ಭಾಗ ಮಾಡಿಸಿ. ತೇವ ಇದೆಯೇ ಎಂದು ನೋಡಲು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಗೋಡೆಯ ಮೇಲೆ ಬಿಡಿ. ಒಳಗಡೆ ನೀರಿನ ಹನಿ ಕಂಡರೆ ಈ ಗೋಡೆ ಬೇಡ, ಬೂಷ್ಟು ಖಚಿತ.

ಹಿಂಬದಿಯಲ್ಲೇ ಅಂಟಿರುವ ವಿನೈಲ್ (ಪ್ಲಾಸ್ಟಿಕ್ ಹಾಳೆ) ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹೊಳೆಯುತ್ತದೆ, ಗುಳ್ಳೆ ಏಳುತ್ತದೆ, ಕೀಳುವಾಗ ಗೋಡೆಯ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಬಾಡಿಗೆ ಮನೆಯವರು ಕಾಗದಕ್ಕೇ ನಿಲ್ಲಲಿ.

ಯಾವುದನ್ನು ಆರಿಸಿದರೂ ಕೆಡುವುದು ಹೆಚ್ಚಾಗಿ ಫೈಲಿನಲ್ಲಿ. 150 ಪಿಪಿಐಗೆ (ಒಂದು ಇಂಚಿಗೆ ಇಷ್ಟು ಪಿಕ್ಸೆಲ್) ಒಂದು ಮೀಟರ್ ಎಂದರೆ ಸುಮಾರು 5,900 ಪಿಕ್ಸೆಲ್. ಎರಡು ಮೀಟರ್ ದೂರದಿಂದಲೇ ನೋಡುವ ಗೋಡೆಗೆ 100 ಪಿಪಿಐ ಸಾಕು. ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್‌ನ ಚಾವಣಿಯ ಚಿತ್ರವಾದರೆ ಫೋಟೊ ಯಾವಾಗಿನದು ನೋಡಿ: 1980ರ ದಶಕದ ಶುದ್ಧೀಕರಣಕ್ಕೆ ಮುಂಚಿನದಾದರೆ ಎಲ್ಲವೂ ಮಸಿ ಹಿಡಿದ ಕಂದು. ಇಟಲಿಯ ಮಾಂಟುವಾದ ಅರಮನೆಯಲ್ಲಿ ಚಿತ್ರಕಾರ ಮಾಂಟೆನ್ಯಾ ಕೆಳಗಿನಿಂದ ನೋಡುವಂತೆ ಬರೆದ, ಮಕ್ಕಳು ಇಣುಕುವ ದುಂಡು ಗವಾಕ್ಷಿ ಚಾವಣಿಗೆ ಮಾತ್ರ. ಅದನ್ನು ಗೋಡೆಗೆ ಅಂಟಿಸಿದರೆ ಮಕ್ಕಳ ಮೈ ಮುದುಡಿದಂತೆ ಕಾಣುತ್ತದೆ. ಇನ್ನು ಗಲ್ಲಕ್ಕೆ ಕೈಯಿಟ್ಟ ರಫೇಲನ ಎರಡು ಪುಟ್ಟ ದೇವದೂತರನ್ನು ಫ್ರೆಸ್ಕೊ ಎಂದು ಮಾರುವವರಿದ್ದಾರೆ. ಅದು ಕ್ಯಾನ್ವಾಸ್ ಮೇಲಿನ ತೈಲಚಿತ್ರದ ತುಂಡು. ಕ್ಯಾನ್ವಾಸಿನಲ್ಲಿ ತೆಗೆಸಬಹುದಾದ್ದು ಅದೊಂದೇ.

ಹೊಸದೇ ಬೇಕೆಂದಿಲ್ಲದವರಿಗೆ ಹಳೆಯ ಚಿತ್ರಗಳ ಪ್ರತಿ ಅಚ್ಚು ಹಾಕಿಸುತ್ತಿದ್ದ ಲಂಡನ್ನಿನ ಅರುಂಡೆಲ್ ಸೊಸೈಟಿಯ ವರ್ಣಶಿಲಾಮುದ್ರಣಗಳಿವೆ (ಕಲ್ಲಿನಿಂದ ತೆಗೆದ ಬಣ್ಣದ ಅಚ್ಚುಗಳು). ಮೊದಲು ಗೋಡೆಯ ಎದುರು ಜಲವರ್ಣದ ಪ್ರತಿ, ಆಮೇಲೆ ಬಣ್ಣಕ್ಕೊಂದು ಕಲ್ಲಿನಿಂದ ಅಚ್ಚು. ಹಾಗಾಗಿ ಅಲ್ಲಿ ಕಾಣುವುದು ಫ್ರೆಸ್ಕೊಗಿಂತ ಪ್ರತಿಕಾರನ ಕೈ. ಮುಖಗಳು ಮೂಲಕ್ಕಿಂತ ನಯ, ಸೌಮ್ಯ. ನಿಷ್ಠೆಯಲ್ಲಿ ಇಂದಿನ ಪ್ರಿಂಟಿಗೆ ಸಾಟಿಯಲ್ಲ. ಆದರೂ ಪಾದುವಾದ ಒವೆತಾರಿ ಚಾಪೆಲ್‌ನ ಮಾಂಟೆನ್ಯಾ ಚಿತ್ರಗಳ ಮಾತು ಬೇರೆ. 1944ರ ಬಾಂಬ್ ದಾಳಿಯಲ್ಲಿ ಅವುಗಳಲ್ಲಿ ಬಹುಪಾಲು ಪುಡಿಯಾದವು, ಅದಕ್ಕೆ ಮುಂಚಿನ ಕಪ್ಪು-ಬಿಳುಪು ಫೋಟೊದಲ್ಲಿ ಸಿಗದ ಬಣ್ಣ ಈ ಮುದ್ರಣಗಳಲ್ಲಿ ಕಾಣುತ್ತದೆ. ಆ ಮುದ್ರಣ ಕೊಳ್ಳುವಾಗ ಹಿಂಬದಿ ತಿರುಗಿಸಿ ನೋಡಿ. ಹಳೆಯ ಆಮ್ಲೀಯ ರಟ್ಟಿಗೆ ಪೂರ್ತಿ ಅಂಟಿಸಿದ್ದರೆ ಬಿಡಿ. ಅದನ್ನು ಬಿಡಿಸುವ ಕೂಲಿ ಮುದ್ರಣದ ಬೆಲೆಯನ್ನೇ ಮೀರಬಹುದು.