ಅಪ್ಪನ ಹಾರ್ಟ್ ಫೇಲ್ಯೂರ್ ನೋಡ್ತಿರೋ ಡಾಕ್ಟ್ರು
ಎಕೋದಲ್ಲಿ (ಹಾರ್ಟ್ ಸ್ಕ್ಯಾನ್) ಅಪ್ಪಂಗೆ ಇಎಫ್, ಅಂದ್ರೆ ಹಾರ್ಟ್ ಒಂದು ಬಡಿತಕ್ಕೆ ಹೊರಗೆ ತಳ್ಳೋ ರಕ್ತದ ಪಾಲು, ಬರೀ ಶೇಕಡಾ 25 ಅಂತ ಬಂದಾಗ ಮನೇಲಿ ಎಲ್ರೂ ಕಂಗಾಲಾಗಿದ್ವಿ, ಬೇರೆ ಒಂದು ಕಡೆ ಸ್ಟೆಮ್ ಸೆಲ್ (ಬೇರೆ ಥರದ ಜೀವಕೋಶ ಆಗಬಲ್ಲ ಮೂಲ ಕೋಶ) ಹಾಕಿಸಿ ಸರಿಹೋಗುತ್ತೆ ಅಂತ ಲಕ್ಷಗಟ್ಟಲೆ ಕೇಳಿದ್ರು. ಈ ಡಾಕ್ಟ್ರು ಸ್ವತಃ ಸ್ಟೆಮ್ ಸೆಲ್ ರಿಸರ್ಚ್‌ನಲ್ಲಿ ವರ್ಷಗಟ್ಟಲೆ ಇದ್ದೋರು, ಆದ್ರೂ ನೇರವಾಗಿ ಹೇಳಿದ್ರು, ಹಾರ್ಟಿಗೆ ಇದು ಇನ್ನೂ ಟ್ರಯಲ್ ಹಂತದಲ್ಲೇ ಇದೆ, ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಗೈಡ್‌ಲೈನ್ಸ್ ಪ್ರಕಾರ ಟ್ರಯಲ್ ಬಿಟ್ಟು ಕೊಡೋ ಹಾಗಿಲ್ಲ, ದುಡ್ಡು ಕಳ್ಕೋಬೇಡಿ ಅಂತ. ಎಷ್ಟು ಸಮಾಧಾನ ಆಯ್ತು ಗೊತ್ತಾ!

ನಾಲ್ಕು ಥರ ಮಾತ್ರೆ, ಸಣ್ಣ ಡೋಸಿಂದ ಶುರು ಮಾಡಿ ಬಿಪಿ, ಪೊಟ್ಯಾಶಿಯಂ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸೋ ರಕ್ತದ ಟೆಸ್ಟ್) ನೋಡ್ಕೊಂಡು ಏರಿಸಿದ್ರು. ಪ್ರತಿ ಸಲ ಕಣಕಾಲು ಬೆರಳಲ್ಲಿ ಒತ್ತಿ ಗುಳಿ ಬೀಳುತ್ತಾ, ಅಂದ್ರೆ ಮೈಯಲ್ಲಿ ನೀರು ತುಂಬ್ಕೊಂಡಿದ್ಯಾ ಅಂತ ನೋಡ್ತಾರೆ. ದಿನಾ ತಿಂಡಿಗೆ ಮುಂಚೆ ತೂಕ ಬರೀಬೇಕು, ಮೂರು ದಿನದಲ್ಲಿ 2 ಕೇಜಿ ಏರಿದ್ರೆ ಫೋನ್ ಮಾಡ್ಬೇಕು, ಉಪ್ಪಿನಕಾಯಿ ಹಪ್ಪಳ ಬಂದ್. ಕಾಯೋದು ಜಾಸ್ತಿನೇ, ಎರಡು ಗಂಟೆ. ಉಸಿರು ಕಟ್ಟುತ್ತೆ ಅಂತ ಎರಡು ದಿಂಬು ಇಟ್ಕೋತಿದ್ದ ಅಪ್ಪ ಈಗ ಒಂದರಲ್ಲೇ ಮಲಗ್ತಾರೆ.