ಊಟದ ಮೇಜಿನ ಮೇಲೊಂದು ಮುತ್ತಿಗೆ, ಅದಕ್ಕೊಂದು ಹೊದಿಕೆ

ಪೇಟೆಯ ಆ ಕ್ಯಾನ್ವಾಸ್ ಅಂಗಡಿಗೆ ನಾನು ಕೊಡುವ ಅಂಕ ಐದಕ್ಕೆ ನಾಲ್ಕೂವರೆ. ಅರ್ಧ ಯಾಕೆ ಕಡಿದೆ ಅಂತ ಆಮೇಲೆ ಹೇಳುತ್ತೇನೆ. ನಲವತ್ತೇಳು ವರ್ಷದ ಮನುಷ್ಯ ಎರಡೂಕಾಲು ಮೀಟರ್ ಟೆಂಟ್ ಬಟ್ಟೆ ಹೆಗಲ ಮೇಲೆ ಹೊತ್ತು ಚಿಕ್ಕಪೇಟೆಯಲ್ಲಿ ಮೆಟ್ರೋ ಹತ್ತಿದ್ದು ಯಾಕೆ ಅನ್ನುವುದು ಮೊದಲು.

ನನಗೆ ಯುದ್ಧದಾಟದ ಹುಚ್ಚು. ಮೊಬೈಲಿನದಲ್ಲ, ಮೇಜಿನದು. ಇಂಚೆತ್ತರದ ಪ್ಲಾಸ್ಟಿಕ್ ಸಿಪಾಯಿಗಳಿಗೆ ಬಣ್ಣ ಬಳಿದು, ಟೇಪು ಹಿಡಿದು ಇಂಚಿಂಚು ನಡೆಸಿ, ಗುಂಡು ತಾಗಿತೋ ಇಲ್ಲವೋ ಅಂತ ದಾಳ ಹಾಕಿ ನೋಡುವುದು. ನಾನೂ ನನ್ನ ಭಾವಮೈದುನನೂ ಎರಡು ವರ್ಷದಿಂದ ಒಂದೇ ಯುದ್ಧ ಆಡುತ್ತಿದ್ದೇವೆ, 1791ರ ಬೆಂಗಳೂರು ಮುತ್ತಿಗೆ. ಅವನು ಇಂಗ್ಲಿಷರ ದಂಡನಾಯಕ ಕಾರ್ನ್‌ವಾಲಿಸ್, ನಾನು ಟಿಪ್ಪುವಿನ ಪರವಾಗಿ ಕೋಟೆ ಕಾಯುವ ಕಿಲ್ಲೇದಾರ ಬಹಾದ್ದೂರ್ ಖಾನ್. ಇತಿಹಾಸದಲ್ಲಿ ಮಾರ್ಚ್ 7ಕ್ಕೆ ಪೇಟೆ ಬಿತ್ತು, 21ರ ರಾತ್ರಿ ಕೋಟೆ ಬಿತ್ತು, ಕಿಲ್ಲೇದಾರ ಸತ್ತ. ನಮ್ಮ ಮನೆಯಲ್ಲಿ ಮಾತ್ರ ಆತ ಈವರೆಗೆ ಮೂರು ಸಲ ಬದುಕಿಕೊಂಡಿದ್ದಾನೆ.

ಇಂಥ ಆಟಕ್ಕೆ ಬಹುಕಾಲದಿಂದ ನಡೆದುಬಂದ ಅಳತೆ ಆರಡಿಗೆ ನಾಲ್ಕಡಿ. ನಾಲ್ಕಡಿಗಿಂತ ಅಗಲ ಮಾಡಿದರೆ ನಡುವಿನ ಸೈನಿಕನಿಗೆ ಕೈ ಎಟಕುವುದಿಲ್ಲ, ಮೇಜಿನ ಮೇಲೆ ಹೊಟ್ಟೆ ಊರಬೇಕಾಗುತ್ತದೆ. ಹನುಮಂತನಗರದ ನಮ್ಮ ಎರಡು ರೂಮಿನ ಬಾಡಿಗೆ ಮನೆಯಲ್ಲಿ ಅದಕ್ಕೆಂದೇ ಒಂದು ಮೇಜು ಇಡುವ ಮಾತೇ ಇಲ್ಲ. ಇರುವುದು ಐದಕ್ಕೆ ಮೂರಡಿಯ ಊಟದ ಮೇಜು. 1812ರಲ್ಲಿ ಪ್ರಷ್ಯಾದ ರೈಸ್ವಿಟ್ಸ್ ಎಂಬ ಬ್ಯಾರನ್ ತನ್ನ ರಾಜನಿಗೆ ಯುದ್ಧದಾಟಕ್ಕೆಂದೇ ಖಾನೆಗಳಿರುವ ದೊಡ್ಡ ಮೇಜು ಮಾಡಿಕೊಟ್ಟಿದ್ದನಂತೆ, ಬೆಟ್ಟ ಹೊಳೆಗಳ ಬಿಲ್ಲೆಗಳ ಸಮೇತ. ಆ ರಾಜನಿಗೆ ಊಟಕ್ಕೆ ಬೇರೆ ಮೇಜಿತ್ತು.

ಹಾಗಾಗಿ ನಾನು ಮಾಡಿಸಿದ್ದು ಮೇಜಲ್ಲ, ಮುಚ್ಚಳ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ 12 ಎಂಎಂ ಪ್ಲೈವುಡ್, ಎಂಟಕ್ಕೆ ನಾಲ್ಕರ ಒಂದು ಹಾಳೆ, ಚದರಡಿಗೆ 78 ರೂಪಾಯಿ. ಮರದ ನಾರು ಒತ್ತಿ ಮಾಡುವ ಎಂಡಿಎಫ್ ಹಲಗೆ ಅಗ್ಗಕ್ಕೆ ಸಿಗುತ್ತಿತ್ತು, ಮೈಯೂ ನುಣುಪು. ಆದರೆ ಕಾಫಿ ಲೋಟ ಉರುಳಿದರೆ ಅಂಚು ಊದಿಕೊಳ್ಳುತ್ತದೆ, ನಮ್ಮನೆಯಲ್ಲಿ ಕಾಫಿ ಲೋಟ ಉರುಳುತ್ತದೆ. ಅಂಗಡಿಯ ಗರಗಸದಲ್ಲೇ ಎರಡು ಕಡೆ ಕೊಯ್ಸಿದೆ. ಮೂರಡಿ ನಾಲ್ಕಡಿಯ ಎರಡು ಹಲಗೆ ಬಂತು, ಎರಡಡಿಯ ತುಂಡೊಂದು ಉಳಿಯಿತು. ಆ ತುಂಡಿನ ಮೇಲೆ ಈಗ ಥರ್ಮಕೋಲಿನ ಕೋಟೆ ನಿಂತಿದೆ.

ಬಡಗಿ ಸಿಲ್ವರ್ ಓಕ್ ರೀಪರ್ ಪಟ್ಟಿಗಳನ್ನು ಹಲಗೆಯ ಅಂಚಿಗೇ ಹೊಡೆಯಲು ಹೊರಟಿದ್ದ. ಅಲ್ಲಿ ಬೇಡ ಅಂದೆ. ಆರು ಇಂಚು ಒಳಗೆ, ಊಟದ ಮೇಜಿನ ಅಂಚನ್ನು ಹೊರಗಿನಿಂದ ತಬ್ಬುವ ಹಾಗೆ ಹೊಡೆಸಿದೆ. "ಡಬ್ಬಿ ಮುಚ್ಚಳ ಮಾಡಿಸ್ತಾ ಇದೀರಾ ಸಾರ್" ಅಂದ. ಹೌದು, ಅದೇ. ಒರಗಿದರೂ ಹಲಗೆ ಜಾರುವುದಿಲ್ಲ. ಎರಡು ಹಲಗೆ ನಡುವೆ ಸಂದು ಬಿಡದಂತೆ ಕೆಳಗೆ ಟ್ರಂಕಿಗೆ ಹಾಕುವಂಥ ಕೊಂಡಿ ಎರಡು. ಆಟ ಮುಗಿದ ಮೇಲೆ ಎರಡೂ ಮಂಚದ ಕೆಳಗೆ.

ಮರದ ಕೆಲಸ ಒಂದು ಭಾನುವಾರದಲ್ಲಿ ಮುಗಿಯಿತು. ಹೊದಿಕೆ ಏಳು ತಿಂಗಳು ತಿಂದಿತು.

ಮೊದಲನೆಯದು ಹಸಿರು ಫೆಲ್ಟ್, ಮಾಮೂಲುಪೇಟೆಯಿಂದ. ಕ್ಲಾಸಿನ ಪ್ರಾಜೆಕ್ಟಿಗೆ ಮಕ್ಕಳು ಕೊಳ್ಳುತ್ತಾರಲ್ಲ, ಅದೇ. ಅಗಲ ಸಾಲದೆ ಎರಡು ಪಟ್ಟಿ ಜೋಡಿಸಿದೆ, ನಟ್ಟನಡುವೆ ಹೊಲಿಗೆ. ಬಡಗಿಗಳು ಬಳಸುವ ಬಿಳಿ ಅಂಟನ್ನು ನೀರು ಬೆರೆಸಿ ಹಲಗೆಗೆ ಬಳಿದು ಅಂಟಿಸಿದೆ. ತಪ್ಪು ನನ್ನದೇ. ಅಂಟು ಬಟ್ಟೆಯನ್ನು ದಾಟಿ ಮೇಲೆ ಬಂತು. ಒಣಗಿದ ಮೇಲೆ ಅಲ್ಲಲ್ಲಿ ಹಪ್ಪಳದಂತೆ ಗಟ್ಟಿ, ಮಿರಮಿರ ಮಿಂಚುವ ಕಲೆ. ನಾಲ್ಕು ಆಟದಲ್ಲಿ ಜುಂಗು ಎದ್ದು ಸಿಪಾಯಿಗಳ ಬಂದೂಕಿಗೆ ಸುತ್ತಿಕೊಳ್ಳತೊಡಗಿತು. ಅದೆಲ್ಲಕ್ಕಿಂತ, ಬಣ್ಣವೇ ಸುಳ್ಳು. ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಬಯಲು ಎಲ್ಲಿ ಹಸಿರಾಗಿರುತ್ತದೆ? ಕಾರ್ನ್‌ವಾಲಿಸ್ ಬಿಲಿಯರ್ಡ್ಸ್ ಮೇಜಿನ ಮೇಲೆ ಫಿರಂಗಿ ಎಳೆಸುತ್ತಿದ್ದ ಹಾಗೆ ಕಾಣುತ್ತಿತ್ತು.

ಎರಡನೆಯದು ಫ್ಲೆಕ್ಸ್. ಒಣನೆಲದ ಚಿತ್ರವೊಂದನ್ನು 24 ಚದರಡಿಗೆ ಹಿಗ್ಗಿಸಿ ಮುದ್ರಿಸಿಕೊಟ್ಟರು, ಮುನ್ನೂರು ರೂಪಾಯಿಯೊಳಗೆ. ಟ್ಯೂಬ್‌ಲೈಟ್ ಹಾಕಿದರೆ ಕೆರೆ ಹಾಗೆ ಹೊಳೆಯಿತು, ಮೂಲೆಗಳು ಸುರುಳಿ ಸುತ್ತಿದವು, ಟೇಪು ತಾಗಿದರೆ ಸೈನಿಕರು ಸಾಲಾಗಿ ಜಾರಿದರು. ಈಗ ಮನೆಯವಳು ಅದನ್ನು ಹಪ್ಪಳ ಒಣಗಿಸಲು ಹಾಸುತ್ತಾಳೆ, ಚೆನ್ನಾಗಿದೆ.

ಮೂರನೆಯದೇ ಈ ಕ್ಯಾನ್ವಾಸ್. ಅಂಗಡಿಗೆ ಬೋರ್ಡಿಲ್ಲ. ಎಂಟಡಿ ಅಗಲದ ಮಳಿಗೆ, ಒಳಗೆ ಸೂರಿನವರೆಗೆ ಥಾನು. ಯಜಮಾನರಿಗೆ ಎಪ್ಪತ್ತಾದರೂ ಆಗಿರಬೇಕು. "ಎಷ್ಟು ಬೇಕು" ಅಂತ ಕೇಳಲಿಲ್ಲ, "ಯಾತಕ್ಕೆ" ಅಂತ ಕೇಳಿದರು. ಹೇಳಿದೆ, ಸ್ವಲ್ಪ ನಾಚಿಕೆಯಿಂದಲೇ. ಅವರು ನಗಲಿಲ್ಲ. ಒಂದು ಥಾನು ಎಳೆದು, ಬಟ್ಟೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, "ಇದು ದಪ್ಪ ಆಯ್ತು ನಿಮಗೆ, ಸುತ್ತೋಕಾಗಲ್ಲ" ಅಂತ ಬದಿಗಿಟ್ಟರು. ಅಗ್ಗದ್ದನ್ನೇ ತೆಗೆದುಕೊಟ್ಟರು, ಮೀಟರಿಗೆ 240, ಪನ್ನ (ಬಟ್ಟೆಯ ಅಗಲ) ಐದಡಿ. ಸುತ್ತಿ ಕೊಡುವಾಗ ಒಂದು ಮಾತು: "ಮೊದಲು ನೀರಲ್ಲಿ ನೆನೆಸಿ ಒಣಗಿಸಿ. ಕೋರಾ ಬಟ್ಟೆ ಸ್ವಾಮಿ, ಕುಗ್ಗುತ್ತೆ."

ಆ ಮಾತಿಗೇ ನಾನು ಅಂಕ ಕೊಟ್ಟಿರುವುದು. ರಾತ್ರಿ ಬಕೆಟ್ಟಿನಲ್ಲಿ ಅದ್ದಿ, ಬೆಳಗ್ಗೆ ತಾರಸಿಯಲ್ಲಿ ಹರವಿ, ಒಣಗಿದ ಮೇಲೆ ಅಳೆದರೆ 88 ಇಂಚು ಇದ್ದದ್ದು 84ಕ್ಕೆ ಇಳಿದಿತ್ತು. ಬಣ್ಣ ಬಳಿದ ಮೇಲೆ ಕುಗ್ಗಿದ್ದರೆ ನೆಲವೆಲ್ಲ ಬೋಂಡದ ಮೈಯಾಗುತ್ತಿತ್ತು.

ನೆಲ ಮಾಡಿದ್ದು ಹೀಗೆ. ಕಿಟಕಿ ಸಂದಿಗೆ ತುಂಬುವ ಅಕ್ರಿಲಿಕ್ ಸೀಲೆಂಟ್ ಮೂರು ಟ್ಯೂಬು. ಸಿಲಿಕೋನ್ ತರಬೇಡಿ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಅದಕ್ಕೆ ಜರಡಿ ಹಿಡಿದ ಮರಳು (ಹಿಟ್ಟಿನ ಜರಡಿಯನ್ನು ನಾನು ಮುಟ್ಟಿದ್ದಕ್ಕೆ ಈಗ ಮನೆಯಲ್ಲಿ ಎರಡು ಜರಡಿ ಇವೆ), ಗೋಡೆಗೆ ಹೊಡೆದು ಮಿಕ್ಕಿದ್ದ ಕಂದು ಎಮಲ್ಶನ್ ಒಂದು ಲೋಟ, ಆಮೇಲೆ ನಾಲ್ಕು ಚಮಚ ರೆಡ್ ಆಕ್ಸೈಡ್ ಪುಡಿ. ಹಳೇ ಬೆಂಗಳೂರಿನ ಮನೆಗಳ ಕೆಂಪು ನೆಲಕ್ಕೆ ಬಳಸುತ್ತಿದ್ದರಲ್ಲ, ಅದೇ ಪುಡಿ. ಕ್ಯಾನ್ವಾಸಿನ ನಾಲ್ಕು ಮೂಲೆಗೆ ಇಟ್ಟಿಗೆ ಹೇರಿ, ಪುಟ್ಟಿ ಬ್ಲೇಡಿನಲ್ಲಿ ದೋಸೆಗಿಂತ ತೆಳ್ಳಗೆ ಎಳೆದೆ. ಒಂದು ಕಡೆ ದಪ್ಪವಾಯಿತು, ಅಲ್ಲೇ ಮೊದಲು ಬಿರುಕು ಬಿಟ್ಟದ್ದು. ಬೆರಳಲ್ಲಿ ಗೀರಿ ಗಾಡಿ ಜಾಡು ಎರಡು ಮಾಡಿದೆ, ಹಲಸೂರು ಗೇಟಿನ ಕಡೆಗೆ ಹೋಗುವ ದಾರಿ. ಪೇಟೆಗೆ ನುಗ್ಗುವಾಗ ಇಂಗ್ಲಿಷರ ಕರ್ನಲ್ ಮೂರ್‌ಹೌಸ್ ಸತ್ತದ್ದು ಬಾಗಿಲ ಹತ್ತಿರವೇ. ನಮ್ಮ ಮೇಜಿನ ಮೇಲೂ ಅವನು ಅಲ್ಲಿಂದ ದಾಟಿದ್ದು ಕಡಿಮೆ.

ಸಂಜೆ ನಾಲ್ಕರ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ಮರಳಿನ ಕಾಳು ಕಾಳಿಗೂ ಸಣ್ಣ ನೆರಳು. ಸಿಪಾಯಿ ಇಟ್ಟಲ್ಲೇ ನಿಲ್ಲುತ್ತಾನೆ, ದಾಳ ಸದ್ದಿಲ್ಲದೆ ಉರುಳುತ್ತದೆ. ಕೆಳಗೆ ದಪ್ಪ ಪುಸ್ತಕ ತೂರಿಸಿದರೆ ದಿಣ್ಣೆ ಏಳುತ್ತದೆ. ಅಂಟು ಹಾಕಿಲ್ಲ, ಸುಮ್ಮನೆ ಹಾಸುವುದು. ಇದನ್ನೇ ಮೊದಲು ಮಾಡಬೇಕಿತ್ತು.

ಒಂದು ಎಡವಟ್ಟು ಮಾತ್ರ ಆಯಿತು. ಮೇಲೆ ವಾರ್ನಿಶ್ ಹೊಡೆಯದೆ ಯುಗಾದಿ ದಿನ ಆಟಕ್ಕೆ ಕೂತೆವು. ಭಾವಮೈದುನ ಹೊಸ ಬಿಳಿ ಪಂಚೆಯಲ್ಲಿ ಬಂದಿದ್ದ. ಅಂಚಿಗೆ ಒರಗಿ ಫಿರಂಗಿ ಗುರಿ ನೋಡಿ ಎದ್ದರೆ ಸೊಂಟದ ಸುತ್ತ ಕೆಂಪು ಪಟ್ಟಿ. ಮೂರು ಸಲ ಒಗೆದರೂ ಹೋಗಲಿಲ್ಲ. ಅವನ ಅಕ್ಕ ನೋಡಿ, "ಇರಲಿ ಬಿಡೋ, ಇಂಗ್ಲಿಷರಿಗೂ ಸ್ವಲ್ಪ ಮೈಸೂರು ಮಣ್ಣು ಹತ್ತಲಿ" ಅಂದಳು. ಮಾರನೇ ದಿನವೇ ಮ್ಯಾಟ್ ವಾರ್ನಿಶ್ ಎರಡು ಕೋಟು. ಹೊಳೆಯುವ ವಾರ್ನಿಶ್ ತಂದರೆ ಮತ್ತೆ ಫ್ಲೆಕ್ಸಿನ ಕಥೆಯೇ.

ಇನ್ನು ಆ ಅರ್ಧ ಅಂಕ. ಯಜಮಾನರ ಹುಡುಗ ಬಟ್ಟೆ ಹರಿದ ರೀತಿ ಸೊಟ್ಟ. ಒಂದು ಬದಿ ಇನ್ನೊಂದಕ್ಕಿಂತ ಒಂದೂವರೆ ಇಂಚು ಗಿಡ್ಡ. ಹೊರಗೆ ಇಳಿಬಿಡಲು ಬಟ್ಟೆ ಮಿಕ್ಕಿದ್ದರಿಂದ ಬಚಾವಾದೆ, ಅಳತೆಗೆ ಸರಿಯಾಗಿ ಕೊಂಡವರು ಅಳಬೇಕಾಗುತ್ತದೆ. ಅರ್ಧ ಅಡಿ ಹೆಚ್ಚಿಗೇ ಕೇಳಿ. ಬಿಲ್ಲೂ ಕೊಡುವುದಿಲ್ಲ, ಚೀಟಿಯ ಮೇಲೆ ಬರೆದ ಲೆಕ್ಕವೇ ಬಿಲ್ಲು.

ಹೋಗುವವರು ಹನ್ನೊಂದರ ಮೇಲೆ ಹೋಗಿ, ಭಾನುವಾರ ಬೇಡ, ಬಾಗಿಲು ಹಾಕಿರುತ್ತದೆ. ಬೈಕು ಮನೆಯಲ್ಲೇ ಬಿಡಿ, ಆ ಗಲ್ಲಿಯಲ್ಲಿ ಕೈಗಾಡಿಗೇ ಜಾಗವಿಲ್ಲ. ಬಟ್ಟೆಯನ್ನು ಮಡಚಿಸಬೇಡಿ, ಹಳೇ ಥಾನಿನ ರಟ್ಟಿನ ಕೊಳವೆ ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಬಣ್ಣ ಬಳಿದ ಮೇಲೂ ಅದಕ್ಕೇ ಸುತ್ತಿಡಿ, ಬಣ್ಣದ ಮೈ ಹೊರಗೆ ಬರುವ ಹಾಗೆ.